ಮುಂದಕ್ಕೆ ಬಾಗಿದ ಕೂವೆಮರ

ಖಾನಾಪುರದ ನಮ್ಮ ಮನೆಯ ಪಡಸಾಲೆಯ ಮಾಡದಲ್ಲಿ ಸಾಗವಾನಿಯ ಪುಟ್ಟ ಹಾಯಿಹಡಗೊಂದಿದೆ. ಉದ್ದ ಒಂದು ಮೊಳ. ನಾಲ್ಕು ತಲೆಮಾರಿನ ಕೈ ದಾಟಿ ಬಂದದ್ದು. ಕಡಲಿನ ಗಾಳಿ ಸೋಕದ ಮನೆತನಕ್ಕೆ ಹಡಗು ಎಲ್ಲಿಂದ ಬಂತೆಂದು ಬಂದವರು ಕೇಳುವುದುಂಟು. ಬೆಳಗಾವಿಯ ದಂಡಿನಲ್ಲಿದ್ದ ಇಂಗ್ಲಿಷ್ ಸಾಹೇಬನೊಬ್ಬ ಮುತ್ತಜ್ಜನಿಗೆ ಮೆಚ್ಚಿ ಕೊಟ್ಟದ್ದೆಂದು ಹಿರಿಯರು ಹೇಳುತ್ತಿದ್ದರು. ಮನೆತನದ ಕಥೆಗಳಲ್ಲಿ ಸಾಹೇಬರು ಯಾವಾಗಲೂ ಧಾರಾಳಿಗಳು!

ಹಡಗು ಮಾತ್ರ ಬೇರೆಯೇ ಸಾಕ್ಷ್ಯ ನುಡಿಯುತ್ತದೆ. ಯುರೋಪಿನ ಹಡಗುಗಳ ಕೂವೆಮರ ಸಾಮಾನ್ಯವಾಗಿ ನೆಟ್ಟಗಿರುವುದು, ಇಲ್ಲವೆ ತುಸು ಹಿಂದಕ್ಕೆ ವಾಲಿರುವುದು. ನಮ್ಮ ಪಶ್ಚಿಮ ಕರಾವಳಿಯ ಪತ್ತೆಮಾರಿಯದಾದರೋ ಮುಂದಕ್ಕೆ ಬಾಗಿರುತ್ತದೆ. ಹಾಯಿ ಕಟ್ಟಿದ ಉದ್ದನೆಯ ಓರೆಮರವು ಇದರಿಂದ ಕೂವೆಗೆ ತಾಗದೆ ದೂರ ತೂಗುತ್ತದೆ. ಗಾಳಿ ತಿರುಗಿದಾಗ ಅದನ್ನು ಹೊರಳಿಸುವುದು ಸುಲಭ. ನಮ್ಮ ಹಡಗಿನ ಕೂವೆಯೂ ಹಾಗೆಯೇ ಬಾಗಿತ್ತು. ‘ಬಾಗಿತ್ತು’ ಎನ್ನಬೇಕಾಗಿ ಬಂದದ್ದು ಖೇದದ ಸಂಗತಿ. ಕೆಲವು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ದುರಸ್ತಿಗೆ ಕೊಟ್ಟಾಗ ಬಡಿಗನು ಆ ಬಾಗನ್ನು ದೋಷವೆಂದೇ ತಿಳಿದು, ಮರವನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ವಾರ್ನಿಶ್ ಬಳಿದು ಕೊಟ್ಟ. ಹೇಳಿ ಕೊಡದ ತಪ್ಪು ನನ್ನದು. ಹಳೆಯ ಓರೆ ತೂತು ಅಡಿಹಲಗೆಯಲ್ಲಿ ಈಗಲೂ ಉಳಿದಿದೆ. ನಮ್ಮ ಪಾಲಿಗೆ ಅದೇ ಶಾಸನ.

ಹಾಗಾದರೆ ಪತ್ತೆಮಾರಿ ಘಟ್ಟವನ್ನೇರಿದ್ದು ಹೇಗೆ? ಮುತ್ತಜ್ಜನ ತಂದೆ ಚಕ್ಕಡಿ ಹೂಡಿ ವೆಂಗುರ್ಲೆಗೆ ಹೋಗಿಬರುತ್ತಿದ್ದನೆಂಬುದು ಮನೆಯಲ್ಲಿ ಯಾರೂ ದೊಡ್ಡದು ಮಾಡದೆ ಬಿಟ್ಟ ಮಾತು. ವೆಂಗುರ್ಲೆ 1812ರಲ್ಲಿ ಇಂಗ್ಲಿಷರ ಕೈಸೇರಿತು. ಬೆಳಗಾವಿಯ ಕೋಟೆ 1818ರಲ್ಲಿ. ಅಲ್ಲಿಂದ ಮುಂದೆ ಬೆಳಗಾವಿಯ ದಂಡಿಗೂ ಪೇಟೆಗೂ ವೆಂಗುರ್ಲೆಯೇ ರೇವು. ಹತ್ತಿ ಘಟ್ಟ ಇಳಿಯುತ್ತಿತ್ತು. ಉಪ್ಪು, ತೆಂಗು ಏರಿ ಬರುತ್ತಿದ್ದವು. ಮಳೆಗಾಲದಲ್ಲಿ ಕಡಲ ಸಂಚಾರ ನಿಲ್ಲುವುದು, ಹಡಗುಗಳನ್ನು ದಡಕ್ಕೆಳೆದು ಗರಿ ಹೊದಿಸುವರು. ಅಂಥ ಬಿಡುವಿನಲ್ಲಿ ಅಲ್ಲಿಯ ಬಡಿಗನೊಬ್ಬ ಇದನ್ನು ಕೆತ್ತಿರಬೇಕೆಂಬುದು ನನ್ನ ಊಹೆ. ಸಾಹೇಬನ ಕಥೆಗಿಂತ ಇದು ನನಗೆ ಹೆಚ್ಚು ಪ್ರಿಯ. 1887-88ರ ಸುಮಾರಿಗೆ ಲೋಂಡಾ ಮಾರ್ಗವಾಗಿ ರೈಲು ಬೆಳಗಾವಿಯನ್ನು ಮುರಗಾವಿಗೆ ಕೂಡಿಸಿತು. ವೆಂಗುರ್ಲೆಯ ವ್ಯಾಪಾರ ಸೊರಗಿತು, ಚಕ್ಕಡಿಗಳು ಹೊಲಕ್ಕೆ ಮರಳಿದವು, ಹಡಗು ಮಾಡ ಸೇರಿತು.

ಖಾನಾಪುರ ಸೀಮೆಗೆ ಕಡಲಿನ ನಂಟು ಇದಕ್ಕಿಂತ ಹಳೆಯದು. ಇದೇ ತಾಲೂಕಿನ ಹಲಸಿಯಲ್ಲಿ ಗೋವೆಯ ಕದಂಬರ ಆರಾಧ್ಯನಾದ ನರಸಿಂಹನ ಗುಡಿಯಿದೆ. ‘ಪಶ್ಚಿಮ ಸಮುದ್ರಾಧೀಶ್ವರ’ರೆಂದು ಬಿರುದು ಧರಿಸಿದ ಆ ಅರಸರು ನಮಿಸಲು ಬರುತ್ತಿದ್ದುದು ಗದ್ದೆ-ಕಾಡುಗಳ ನಡುವಣ ಈ ಹಳ್ಳಿಗೆ.

ಹಡಗನ್ನು ನೀರಿಗೆ ಬಿಡೋಣವೆಂದು ಮೊಮ್ಮಗ ಹಟ ಹಿಡಿದಿದ್ದಾನೆ. ಊರ ಪಕ್ಕದ ಮಲಪ್ರಭೆಯಲ್ಲಿ ಬಿಟ್ಟರೆ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರೀತು. ನಮ್ಮ ತಾಲೂಕಿನಲ್ಲೇ ಹುಟ್ಟುವ ಮಹದಾಯಿಯಲ್ಲಿ ಬಿಟ್ಟರೆ ಗೋವೆಯಲ್ಲಿ ಮಾಂಡವಿಯಾಗಿ ಪಡುಗಡಲಿಗೆ. “ಹಾಗಾದ್ರ ಮಹದಾಯಿಗೇ ಬಿಡೋಣು ಅಜ್ಜಾ, ಅದರ ಮನಿಗೆ ಹೋಗ್ಲಿ” ಅಂದ. ಮೊದಲು ಕೂವೆಮರವನ್ನು ಹಳೆಯ ತೂತಿಗೆ ಕೂರಿಸೋಣ, ಆಮೇಲೆ ನೋಡೋಣ ಎಂದಿದ್ದೇನೆ.