ಮೆತ್ತಗಿನ ಬ್ರೇಕ್ ಪೆಡಲ್ (ಹಳೆಯ ಲಾರಿಗಳಲ್ಲಿ)

ರಿಪೇರಿ ಮುಗಿದ ಮೇಲೂ ಬ್ರೇಕ್ ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಗದೆ ಒತ್ತಿದಷ್ಟೂ ಒಳಗೆ ಹೋಗುವ ದೋಷ. ಇದು ಮುಖ್ಯವಾಗಿ ಆಯಿಲ್ ಬ್ರೇಕ್ ಇರುವ ಗಾಡಿಗಳದು. ಇಳಕಲ್ಲಿನ ಗ್ರಾನೈಟ್ ದಿಮ್ಮಿ ಹೊರುವ ದೊಡ್ಡ ಲಾರಿಗಳಿಗೆ ಗಾಳಿ ಬ್ರೇಕ್ ಇರುವುದರಿಂದ ಅವುಗಳ ಪರೀಕ್ಷೆಯ ಕ್ರಮವೇ ಬೇರೆ. ಹನುಮಪ್ಪನ ಗುಡಿಗೆ ಹೆಸರಾದ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಊರುಗಳಿಂದ ಉಳ್ಳಾಗಡ್ಡಿ, ಗೋವಿನಜೋಳ ಸಾಗಿಸಲು ಒದಗುವ ಸಣ್ಣ ಲಾರಿಗಳಲ್ಲಿ, ಅಂದರೆ 1986ರಲ್ಲಿ ಬಂದ ಟಾಟಾ 407ರಂಥ ಗಾಡಿಗಳ ಹಳೆಯ ಮಾದರಿಗಳಲ್ಲಿ, ಇದನ್ನು ಕಾಣಬಹುದು.

ಬಹಳ ಮಂದಿ ಮಿಸ್ತ್ರಿಗಳು ಮೊದಲು ಮಾಡುವುದು ಮತ್ತೆ ಏರ್ ತೆಗೆಯುವ ಕೆಲಸ. ಅದಕ್ಕೂ ಮೊದಲು ಪೆಡಲ್ ಹೇಗೆ ವರ್ತಿಸುತ್ತದೆಂದು ನೋಡಬೇಕು. ಒತ್ತಿದಾಗ ಸ್ಪಂಜಿನಂತೆ ಪುಟಿದರೆ ಲೈನಿನಲ್ಲಿ ಗಾಳಿ ಇದೆ: ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಎರಡು ಮೂರು ಸಲ ಪಂಪ್ ಮಾಡಿದಾಗ ಪೆಡಲ್ ಮೇಲೆ ಬಂದು ಗಟ್ಟಿಯಾದರೆ ಡ್ರಮ್ಮಿಗೂ ಲೈನರ್‌ಗೂ ನಡುವಿನ ಅಂತರವೇ ಹೆಚ್ಚಾಗಿರುವ ಸಂಭವ ಹೆಚ್ಚು. ಶೂ ಅಡ್ಜಸ್ಟ್ ಮಾಡದೆ ಎಷ್ಟು ಆಯಿಲ್ ಸುರಿದರೂ ಪ್ರಯೋಜನವಿಲ್ಲ. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ವಾಷರ್ ಒಳಗೇ ಆಯಿಲ್ ಬಿಡುತ್ತಿದೆ.

ಈ ಮೂರನೆಯ ದೋಷ ಎಷ್ಟೋ ಸಲ ರಿಪೇರಿಯಿಂದಲೇ ಹುಟ್ಟುತ್ತದೆ. ವರ್ಷಗಟ್ಟಲೆ ಅರ್ಧ ದೂರವಷ್ಟೇ ಓಡಾಡಿದ ವಾಷರನ್ನು ಏರ್ ತೆಗೆಯುವಾಗ ಪೆಡಲ್ ತಳದವರೆಗೂ ತುಳಿದು, ತುಕ್ಕು ಹಿಡಿದ ಭಾಗಕ್ಕೆ ನೂಕುತ್ತಾರೆ. ಅದು ಅಲ್ಲಿ ಹರಿಯುತ್ತದೆ. ಹಳೆಯ ಗಾಡಿಯಲ್ಲಿ ಪೆಡಲ್ ಕೆಳಗೆ ಮರದ ತುಂಡು ಇಟ್ಟು ತುಳಿಯುವುದು ಒಳ್ಳೆಯದು. ಹೊಸ ಮಾಸ್ಟರ್ ಸಿಲಿಂಡರನ್ನು ಕೂರಿಸುವ ಮುಂಚೆಯೇ ಆಯಿಲ್ ತುಂಬಿ ಅದರೊಳಗಿನ ಗಾಳಿ ತೆಗೆಯಬೇಕು.

ಬಲಗಡೆ ಸ್ಟೇರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಏರ್ ತೆಗೆಯುವ ಸಾಮಾನ್ಯ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಪೆಡಲ್ ಬಿಡುವ ಮುಂಚೆ ಗಾಳಿ ಹೊರಬಿಡುವ ನಿಪ್ಪಲ್ ಮುಚ್ಚಬೇಕು. ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಬರಿದಾಗಲು ಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಡಿಸ್ಕ್ ಬ್ರೇಕಿನ ಕ್ಯಾಲಿಪರ್‌ಗಳು ಎಡಬಲ ಅದಲುಬದಲಾದರೆ ನಿಪ್ಪಲ್ ಕೆಳಗಾಗಿ ಗಾಳಿ ಮೇಲೆಯೇ ಉಳಿಯುತ್ತದೆ. ಉಬ್ಬುವ ಹಳೆಯ ರಬ್ಬರ್ ಹೋಸ್, ಡ್ರಮ್ಮಿನ ಬಾಗಿಗೆ ಇನ್ನೂ ಕೂರದ ಹೊಸ ಲೈನರ್ ಕೂಡ ಪೆಡಲನ್ನು ಮೆತ್ತಗೆ ಮಾಡುತ್ತವೆ. ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಇಳಿಯುವುದು ಮಾತ್ರ ದೋಷವಲ್ಲ, ಅದು ಬೂಸ್ಟರಿನ ಕೆಲಸ.

ಆಯಿಲ್ ವಿಷಯದಲ್ಲಿ ಉಳಿತಾಯ ಸಲ್ಲದು. ಡಾಟ್ 3 ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಗಾಳಿಯ ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿ. ಬಹುಕಾಲ ತೆರೆದಿಟ್ಟ ಡಬ್ಬಿಯ ಆಯಿಲ್ ಬಿಸಿ ಡ್ರಮ್ಮಿನ ಪಕ್ಕ ಕುದಿದು ಆವಿಯಾದರೆ ಸಂಜೆ ಗಟ್ಟಿಯಿದ್ದ ಪೆಡಲ್ ಮರುದಿನ ಲೋಡಿನ ಇಳಿಜಾರಿನಲ್ಲಿ ಕೈಕೊಡುತ್ತದೆ. ಎಂಜಿನ್ ಆಯಿಲ್ ಹಾಕಿದರಂತೂ ರಬ್ಬರ್ ಭಾಗಗಳೆಲ್ಲ ಉಬ್ಬಿ ಕೆಡುತ್ತವೆ.

ಕೆಲಸ ಮುಗಿದ ಮೇಲೆ ಖಾಲಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಓಡಿಸಿ, ನಾಲ್ಕೂ ಗಾಲಿಗಳ ಹಿಂದೆ ಸೋರಿಕೆ ನೋಡಬೇಕು. ಪಂಪ್ ಮಾಡಿದರಷ್ಟೇ ನಿಲ್ಲುವ ಗಾಡಿಗೆ ಲೋಡ್ ಹೇರಬೇಡಿ.