ಒಂಬತ್ತು ರಾತ್ರಿಗಳ ನೇತ್ರಲೇಪ

ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ 10ನೆಯ ಶತಮಾನದ ನಡುಗಾಲದಲ್ಲಿ ಬರೆದ ವೈದ್ಯಗ್ರಂಥವೊಂದಿದೆ. ಬಾಲ್ಡನೆಂಬವನು ಅದರ ಒಡೆಯನೆಂದೂ ಚಿಲ್ಡನೆಂಬವನಿಂದ ಅದನ್ನು ಬರೆಯಿಸಿದನೆಂದೂ ಅದರೊಳಗಿನ ಲ್ಯಾಟಿನ್ ಪದ್ಯವೊಂದು ತಿಳಿಸುತ್ತದೆ. ಪ್ರಾಚೀನ ಇಂಗ್ಲಿಷಿನ ಈ ಗ್ರಂಥವು ಕಣ್ಣೆವೆಯ ಮೇಲೇಳುವ ಕುರುವಿಗೆ ಒಂದು ಲೇಪವನ್ನು ವಿಧಿಸುತ್ತದೆ: ಬೆಳ್ಳುಳ್ಳಿಯನ್ನೂ ಈರುಳ್ಳಿಯ ಕುಲದ ಮತ್ತೊಂದು ಗಡ್ಡೆಯನ್ನೂ ಸಮಭಾಗವಾಗಿ ತೆಗೆದುಕೊಂಡು ಚೆನ್ನಾಗಿ ಕುಟ್ಟಿ, ದ್ರಾಕ್ಷಾಮದ್ಯವನ್ನೂ ಎತ್ತಿನ ಪಿತ್ತರಸವನ್ನೂ ಬೆರೆಸಿ, ಹಿತ್ತಾಳೆಯ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇರಿಸಿ, ಬಟ್ಟೆಯಲ್ಲಿ ಹಿಂಡಿ ಸೋಸಿ, ಕೊಂಬಿನಲ್ಲಿ ತುಂಬಿಟ್ಟು, ಇರುಳಿನಲ್ಲಿ ಗರಿಯಿಂದ ಕಣ್ಣಿಗೆ ಹಚ್ಚತಕ್ಕದ್ದು.

ಇಂತಹ ವಿಧಿಗಳಲ್ಲಿ ದ್ರವ್ಯವನ್ನು ಮಾತ್ರ ಗಣನೆಗೆ ತಂದುಕೊಂಡು ಕ್ರಿಯೆಯನ್ನು ಕೈಬಿಡುವುದು ಆಧುನಿಕರ ಸ್ವಭಾವ. ಬೆಳ್ಳುಳ್ಳಿಯ ವಿಷಯದಲ್ಲಿಯಾದರೋ ಗುಣವೆಲ್ಲವೂ ಕ್ರಿಯೆಯನ್ನು ಆಶ್ರಯಿಸಿದೆ. 1844ರಲ್ಲಿ ವೆರ್ಟ್‌ಹೈಮ್ ಎಂಬ ರಸಾಯನಶಾಸ್ತ್ರಜ್ಞನು ಬೆಳ್ಳುಳ್ಳಿಯನ್ನು ಆವಿಯಲ್ಲಿ ಬಟ್ಟಿಯಿಳಿಸಿ ತೀಕ್ಷ್ಣಗಂಧದ ತೈಲವನ್ನು ಪಡೆದನು; ಆದರೆ ಬೆಳ್ಳುಳ್ಳಿಯ ಮುಖ್ಯ ಸತ್ತ್ವವು ಆ ಕಾವನ್ನು ತಾಳುವಂತಹುದಾಗಿರಲಿಲ್ಲ. ಸರಿಯಾಗಿ ನೂರು ವರ್ಷಗಳ ಅನಂತರ, 1944ರಲ್ಲಿ, ಅಮೆರಿಕದ ಕ್ಯಾವಲಿಟೋ ಮತ್ತು ಬೈಲಿ ಎಂಬವರು ಕಾಯಿಸದೆ, ಮದ್ಯಸಾರದಲ್ಲಿ ನೆನೆಯಿಸಿ, ಸೂಕ್ಷ್ಮಜೀವಿಗಳ ವೃದ್ಧಿಯನ್ನು ತಡೆಯುವ ದ್ರವ್ಯವನ್ನು ಬೇರ್ಪಡಿಸಿ ಅದಕ್ಕೆ ಅಲ್ಲಿಸಿನ್ ಎಂದು ಹೆಸರಿಟ್ಟರು. ಪೆನಿಸಿಲಿನ್ನಿಗಿಂತ ಅದು ಬಹು ದುರ್ಬಲ. ಆದರೂ ಪೆನಿಸಿಲಿನ್ ಮುಟ್ಟಲಾರದ ಹಲವು ಜಾತಿಯ ಜೀವಿಗಳನ್ನೂ ಅದು ತಡೆಯಬಲ್ಲುದಾಗಿತ್ತು.

ಇದಕ್ಕಿಂತಲೂ ವಿಸ್ಮಯಕರವಾದ ಸಂಗತಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಬೆಳಕಿಗೆ ಬಂದಿತು. ಗಾಸಿಗೊಳ್ಳದ ಎಸಳಿನಲ್ಲಿ ಅಲ್ಲಿಸಿನ್ ಇಲ್ಲವೇ ಇಲ್ಲ! 1948ರಲ್ಲಿ ಸ್ಟೋಲ್ ಮತ್ತು ಸೀಬೆಕ್ ಎಂಬವರು ಬೇರ್ಪಡಿಸಿದ ಅಲ್ಲಿಯಿನ್ ಎಂಬ ಗಂಧರಹಿತವಾದ ದ್ರವ್ಯ ಒಂದೆಡೆಯಲ್ಲಿಯೂ, ಅದನ್ನು ಮಾರ್ಪಡಿಸುವ ಕಿಣ್ವ ಮತ್ತೊಂದೆಡೆಯಲ್ಲಿಯೂ ಇರುತ್ತವೆ. ಜಜ್ಜಿದಾಗ ಇವೆರಡೂ ಕೂಡಿ ಕ್ಷಣಮಾತ್ರದಲ್ಲಿ ಅಲ್ಲಿಸಿನ್ ಹುಟ್ಟಿ, ಸೂಕ್ಷ್ಮಜೀವಿಗಳ ಕಿಣ್ವಗಳಲ್ಲಿನ ಗಂಧಕಾಂಶವನ್ನು ಹಿಡಿದು ಅವುಗಳ ವ್ಯಾಪಾರವನ್ನು ಕೆಡಿಸುತ್ತದೆ. ಬಾಲ್ಡನ ಗ್ರಂಥ ಚೆನ್ನಾಗಿ ಕುಟ್ಟಬೇಕೆಂದು ವಿಧಿಸಿರುವುದು ವ್ಯರ್ಥವಾದ ಮಾತಲ್ಲ.

ಗಾಜಿನ ತಟ್ಟೆಯಲ್ಲಿ ನಿಸ್ಸಂದೇಹವಾದ ಈ ಶಕ್ತಿ ಶರೀರವನ್ನು ಹೊಕ್ಕಾಗ ಉಳಿಯುವುದಿಲ್ಲ. ಅಲ್ಲಿಸಿನ್ ಅಸ್ಥಿರ, ಹಸಿಬೆಳ್ಳುಳ್ಳಿಯನ್ನು ತಿಂದವರ ರಕ್ತದಲ್ಲಿ ಅದು ಸಿಕ್ಕುವುದಿಲ್ಲ. ಸೇವಿಸಿದ ಬೆಳ್ಳುಳ್ಳಿ ಒಳಗಿನ ಸೋಂಕನ್ನು ಗುಣಪಡಿಸುತ್ತದೆಂದು ಹೇಳುವವರು ಈ ಸಂಗತಿಯನ್ನು ಮೊದಲು ಎದುರಿಸಬೇಕು.

2015ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಫ್ರೇಯಾ ಹ್ಯಾರಿಸನ್ನರೂ ಪ್ರಾಚೀನ ಇಂಗ್ಲಿಷಿನ ವಿದ್ವಾಂಸೆ ಕ್ರಿಸ್ಟೀನಾ ಲೀ ಅವರೂ ತಮ್ಮ ಸಂಗಡಿಗರೊಡನೆ ಬಾಲ್ಡನ ಲೇಪವನ್ನು ವಿಧಿವತ್ತಾಗಿ ಸಿದ್ಧಗೊಳಿಸಿದರು. ಪಾತ್ರೆಗೆ ಬದಲಾಗಿ ಗಾಜಿನ ಸೀಸೆಯಲ್ಲಿ ಹಿತ್ತಾಳೆಯ ತುಂಡುಗಳನ್ನಿಟ್ಟುದೊಂದೇ ಮುಖ್ಯವಾದ ವ್ಯತ್ಯಾಸ. ಮೆಥಿಸಿಲಿನ್ ಎಂಬ ಔಷಧಕ್ಕೆ ಬಗ್ಗದ ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಜೀವಿಗಳನ್ನು ಅದು ಪ್ರಯೋಗಾಲಯದಲ್ಲಿಯೂ ಇಲಿಗಳ ವ್ರಣದ ಅಂಗಾಂಶದಲ್ಲಿಯೂ ಬಹುಪಾಲು ನಾಶಪಡಿಸಿತು. 2020ರ ವರದಿ ಮತ್ತೂ ಮುಂದೆ ಹೋಯಿತು: ದ್ರವದಲ್ಲಿ ಬಿಡಿಬಿಡಿಯಾಗಿರುವ ಜೀವಿಗಳ ನಾಶಕ್ಕೆ ಅಲ್ಲಿಸಿನ್ ಸಾಕಾದೀತು, ಹಳೆಯ ವ್ರಣಗಳಲ್ಲಿ ಲೋಳೆಯ ಪೊರೆಯೊಂದನ್ನು ಕಟ್ಟಿಕೊಂಡು ಗುಂಪಾಗಿ ನೆಲಸಿದ ಜೀವಿಗಳನ್ನು ಭೇದಿಸಲು ಬೆಳ್ಳುಳ್ಳಿಯೊಂದರಿಂದಲೇ ಆಗದು, ವಿಧಿಸಿದ ದ್ರವ್ಯಗಳೆಲ್ಲ ಕೂಡಬೇಕು. ಶುದ್ಧೀಕರಿಸಿದ ಒಂದೇ ಸಾರವನ್ನು ಅರಸುತ್ತ ಬಂದ ಶತಮಾನದ ಪ್ರಯತ್ನಕ್ಕೆ ಇದು ಗಂಭೀರವಾದ ಉತ್ತರವೆಂದು ನನಗೆ ತೋರುತ್ತದೆ.

ಹಾಗೆಂದು ಲೇಪವನ್ನು ಮನೆಯಲ್ಲಿ ಮಾಡಿ ಕಣ್ಣಿಗೆ ಹಚ್ಚಿಕೊಳ್ಳತಕ್ಕದ್ದಲ್ಲ. ಅರೆದ ಹಸಿಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟಿಕೊಂಡು ಸುಟ್ಟಗಾಯಕ್ಕೆ ಗುರಿಯಾದವರ ವೃತ್ತಾಂತಗಳು ವೈದ್ಯಪತ್ರಿಕೆಗಳಲ್ಲಿ ಹಲವಿವೆ. ಕಣ್ಣು ಚರ್ಮಕ್ಕಿಂತಲೂ ಸೂಕ್ಷ್ಮ.