ಚೈತನ್ಯ ರಥ: ಒಂದು ಹಳೇ ವ್ಯಾನಿನ ಕಥೆ

ನಮ್ಮ ಬ್ರಾಂಚಿನ ಮಿತ್ರರೊಬ್ಬರು ಬರುವ ವರ್ಷ ರಿಟೈರ್ ಆಗುತ್ತಾರೆ. ಪಿಎಫ್, ಗ್ರಾಚ್ಯುಟಿ ಕೈಗೆ ಬಂದ ಕೂಡಲೇ ಒಂದು ಪಿಕಪ್ ಗಾಡಿ ಕೊಂಡು, ಅದರ ಬೆನ್ನ ಮೇಲೆ ಪುಟ್ಟ ಮನೆಯಂಥ ಪೆಟ್ಟಿಗೆ ಕೂರಿಸಿ, ಹೆಂಡತಿಯ ಜೊತೆ ವರ್ಷಗಟ್ಟಲೆ ದೇಶ ಸುತ್ತಬೇಕೆಂಬುದು ಅವರ ಆಸೆ. ಅಮೆರಿಕದಲ್ಲಿ ಇದಕ್ಕೆ ಟ್ರಕ್ ಕ್ಯಾಂಪರ್ ಅನ್ನುತ್ತಾರಂತೆ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಚಿತ್ರ ತೋರಿಸಿ "ಏಮಂಟಾರು ಸಾರ್?" ಅಂತ ಕೇಳುತ್ತಾರೆ. ದೊಡ್ಡದೋ ಸಣ್ಣದೋ, ಹೊಸದೋ ಹಳೆಯದೋ, ಒಳಗೆ ಸ್ನಾನದ ಮನೆ ಬೇಕೋ ಬೇಡವೋ... ನಾನು ಬಿ.ಕಾಂ. ಓದಿದವನು, ಇಂಜಿನ್ ವಿಷಯ ನನ್ನನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಗಾಲಿಯ ಮೇಲಿನ ಮನೆ ಅಂದರೆ ಅಮೆರಿಕದ ಕಡೆ ನೋಡುವುದೇಕೆ? ಆಂಧ್ರದವರು 1982ರಲ್ಲೇ ಅಂಥದ್ದೊಂದನ್ನು ರಸ್ತೆಗಿಳಿಸಿದ್ದರು. ಅದರಲ್ಲಿ ಸುತ್ತಿದವರು ಎನ್.ಟಿ. ರಾಮರಾವ್. ಗಾಡಿಯ ಹೆಸರು ಚೈತನ್ಯ ರಥಂ.

ಈ ಕಥೆ ಇಲ್ಲಿನವರಿಗೆ ಬಾಯಿಪಾಠ. ನಮ್ಮಂಥ ಹೊರಗಿನಿಂದ ಬಂದವರಿಗೆ ತುಂಡು ತುಂಡಾಗಿ ಕಿವಿಗೆ ಬೀಳುತ್ತದೆ. ನಾನು ಮೊದಲು ವಿಜಯವಾಡದಲ್ಲಿ, ಆಮೇಲೆ ವಿಶಾಖಪಟ್ಟಣದಲ್ಲಿ ನೌಕರಿ ಮಾಡುತ್ತಾ ಕೂಡಿಸಿಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 1978ರಿಂದ 1983ರ ನಡುವೆ ಆಂಧ್ರ ನಾಲ್ಕು ಮುಖ್ಯಮಂತ್ರಿಗಳನ್ನು ಕಂಡಿತು. ಚೆನ್ನಾರೆಡ್ಡಿ, ಅಂಜಯ್ಯ, ಭವನಂ ವೆಂಕಟರಾಮಿ ರೆಡ್ಡಿ, ಕೋಟ್ಲ ವಿಜಯಭಾಸ್ಕರ ರೆಡ್ಡಿ. ಎಲ್ಲರೂ ಕಾಂಗ್ರೆಸ್ಸಿನವರೇ, ಎಲ್ಲರ ಏಳುಬೀಳೂ ದೆಹಲಿಯಲ್ಲೇ ತೀರ್ಮಾನ. 1982ರ ಫೆಬ್ರವರಿಯಲ್ಲಿ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿಯವರು ಅಂಜಯ್ಯನವರನ್ನು ಎಲ್ಲರೆದುರು ಗದರಿಸಿದ ಸುದ್ದಿ ತೆಲುಗರ ಮನಸ್ಸಿಗೆ ನಾಟಿತು. ಅದೇ ವರ್ಷ ಮಾರ್ಚ್ 29ರಂದು ಹೈದರಾಬಾದಿನಲ್ಲಿ ರಾಮರಾಯರು ತೆಲುಗು ದೇಶಂ ಘೋಷಿಸಿದರು. ಅವರಿಗೆ ಆಗ ಅರವತ್ತರ ಹತ್ತಿರ. ಹುಟ್ಟಿದ್ದು 1923ರಲ್ಲಿ, ಕೃಷ್ಣಾ ಜಿಲ್ಲೆಯ ನಿಮ್ಮಕೂರಿನಲ್ಲಿ. ಹುಡುಗನಾಗಿದ್ದಾಗ ಸೈಕಲ್ ತುಳಿದು ವಿಜಯವಾಡದ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದರಂತೆ. (ಪಕ್ಷದ ಚಿಹ್ನೆಯೂ ಸೈಕಲ್ಲೇ ಆಯಿತು ನೋಡಿ!)

ಈಗ ಗಾಡಿಯ ವಿಷಯಕ್ಕೆ ಬರೋಣ. ಹಣಕ್ಕೆ ಕೊರತೆಯಿಲ್ಲದ ಸೂಪರ್‌ಸ್ಟಾರ್ ಅವರು. ಬೇಕಿದ್ದರೆ ಹೊಸ ವಿದೇಶಿ ಕಾರು ತರಿಸಿಕೊಳ್ಳಬಹುದಿತ್ತು. ದೆಹಲಿಯ ನಾಯಕರು ಹೆಲಿಕಾಪ್ಟರಿನಲ್ಲಿ ಬಂದಿಳಿದು ಭಾಷಣ ಮಾಡಿ ಹಾರಿಹೋಗುತ್ತಿದ್ದ ಕಾಲ. ಇವರು ಆರಿಸಿಕೊಂಡದ್ದು ಒಂದು ಹಳೆಯ ಷೆವ್ರೊಲೆ ವ್ಯಾನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡಿಪ್ರಿಸಿಯೇಷನ್ ಪೂರಾ ಮುಗಿದ, ಪುಸ್ತಕದಲ್ಲಿ ಒಂದು ರೂಪಾಯಿ ಬೆಲೆಗೆ ಕೂತಿರುವಂಥ ಆಸ್ತಿ! ಅದನ್ನೇ ರಿಪೇರಿ ಮಾಡಿಸಿ, ಮೈಕು, ದೀಪ ಕಟ್ಟಿಸಿ, ಒಳಗೆ ಮಲಗಲು ಜಾಗ ಮಾಡಿಸಿ, ಚಾವಣಿಯ ಮೇಲೆ ನಿಂತು ಮಾತಾಡುವಂತೆ ಮಾಡಿಕೊಂಡರು.

ಯೋಚಿಸಿದರೆ ಇದರಲ್ಲಿ ಬಹಳ ಜಾಣತನವಿದೆ. ಕಾರಿನಲ್ಲಿ ಹೋದರೆ ಪ್ರತಿ ಊರಲ್ಲೂ ವೇದಿಕೆ ಕಟ್ಟಿಸಬೇಕು, ಮೈಕ್ ಸೆಟ್ ಬಾಡಿಗೆಗೆ ತರಬೇಕು, ರಾತ್ರಿಗೆ ಗೆಸ್ಟ್ ಹೌಸ್ ಹುಡುಕಬೇಕು. ಗೆಸ್ಟ್ ಹೌಸ್ ಸರ್ಕಾರದ್ದು, ಸರ್ಕಾರ ಎದುರು ಪಕ್ಷದ್ದು. ಹೊಸ ಪಕ್ಷಕ್ಕೆ ಊರೂರಲ್ಲಿ ಇದನ್ನೆಲ್ಲ ಮಾಡುವ ಕಾರ್ಯಕರ್ತರು ಎಲ್ಲಿಂದ ಬರಬೇಕು? ಬಸ್ಸಿನಷ್ಟು ದೊಡ್ಡ ಗಾಡಿಯಾದರೆ ಹಳ್ಳಿಯ ಓಣಿಯಲ್ಲಿ ತಿರುಗುವುದಿಲ್ಲ. ಜೀಪಿನಲ್ಲಿ ಮಲಗಲಾಗದು. ಈ ವ್ಯಾನು ವೇದಿಕೆಯೂ ಹೌದು, ಮನೆಯೂ ಹೌದು. ನಿಂತಲ್ಲೇ ಸಭೆ, ಕತ್ತಲಾದಲ್ಲೇ ಮಲಗುವ ಕೋಣೆ. ಮೂವತ್ತು ವರ್ಷಕ್ಕೂ ಮೀರಿ ಸಿನಿಮಾದಲ್ಲಿ ಔಟ್‌ಡೋರ್ ಶೂಟಿಂಗ್ ಮಾಡಿದ ಮನುಷ್ಯನಿಗೆ ಏನು ಜೊತೆಯಲ್ಲಿರಬೇಕು, ಏನು ಬೇಡ ಎಂಬ ಅಂದಾಜು ನಮಗಿಂತ ಚೆನ್ನಾಗಿಯೇ ಇದ್ದಿರಬೇಕು.

ಸ್ಟಿಯರಿಂಗ್ ಹಿಡಿದವರು ಮಗ ಹರಿಕೃಷ್ಣ. ರಾಯರ ಮೈಮೇಲೆ ಖಾಕಿ ಬಟ್ಟೆ. ರಸ್ತೆ ಬದಿಯಲ್ಲೇ ಊಟ, ರಸ್ತೆ ಬದಿಯಲ್ಲೇ ಗಡ್ಡ ಕೆರೆಯುವುದು, ರಸ್ತೆ ಬದಿಯಲ್ಲೇ ಸ್ನಾನ. ಪರದೆಯ ಮೇಲೆ ಕೃಷ್ಣನಾಗಿ, ರಾಮನಾಗಿ ನೋಡಿ ಕೈಮುಗಿದವರ ಕಣ್ಣೆದುರು ಆ ಮನುಷ್ಯ ಟವೆಲ್ ಸುತ್ತಿಕೊಂಡು ಮೈಮೇಲೆ ನೀರು ಸುರಿದುಕೊಳ್ಳುತ್ತಿದ್ದಾನೆ ಅಂದರೆ! ಗಾಡಿಯಲ್ಲಿ ಸ್ನಾನದ ಮನೆ ಇಲ್ಲದ್ದೇ ಲಾಭವಾಯಿತು ಅನ್ನಿಸುತ್ತದೆ ನನಗೆ. ವಿಜಯವಾಡದ ನಮ್ಮ ಬ್ರಾಂಚಿಗೆ ಪೆನ್ಷನ್ ತೆಗೆದುಕೊಳ್ಳಲು ಬರುತ್ತಿದ್ದ ಮೇಷ್ಟರೊಬ್ಬರು ಹೇಳುತ್ತಿದ್ದರು: ಸಂಜೆ ಬರುತ್ತಾರೆ ಅಂತ ಕಾದರೆ ನಡುರಾತ್ರಿ ದಾಟಿದ ಮೇಲೆ ಬಂದರು, ಮಕ್ಕಳನ್ನು ಹೆಗಲ ಮೇಲೆ ಮಲಗಿಸಿಕೊಂಡು ನಿಂತಿದ್ದೆವು, ಒಬ್ಬರೂ ಮನೆಗೆ ಹೋಗಲಿಲ್ಲ.

ಇನ್ನು ಲೆಕ್ಕ. ಎಲ್ಲ ಕಡೆ ಓದುವ ಸಂಖ್ಯೆ ಒಂಬತ್ತು ತಿಂಗಳಲ್ಲಿ 75,000 ಕಿಲೋಮೀಟರ್. ಬ್ಯಾಂಕಿನವನ ಚಟ, ಭಾಗಿಸಿ ನೋಡಿದೆ. 270 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 278 ಕಿ.ಮೀ. ಅಂದರೆ ಒಂದು ದಿನವೂ ಬಿಡುವಿಲ್ಲದೆ, ದಿನಾ ವಿಜಯವಾಡದಿಂದ ಹೊರಟು ಗೋದಾವರಿ ದಾಟಿ ತುನಿಯವರೆಗೆ ಹೋದ ಹಾಗೆ. ಅದೂ ನಡುನಡುವೆ ಸಭೆ ಮಾಡುತ್ತಾ, 1982ರ ರಸ್ತೆಗಳಲ್ಲಿ, ಹಳೇ ಗಾಡಿಯಲ್ಲಿ! ನನಗೆ ಈ ಸಂಖ್ಯೆ ಸ್ವಲ್ಪ ಉಬ್ಬಿದೆ ಅನ್ನಿಸುತ್ತದೆ. ಅರ್ಧ ಮಾಡಿದರೂ ದೊಡ್ಡ ಸಾಧನೆಯೇ ಬಿಡಿ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಜಿಎಂಸಿ ಪಿಕಪ್ಪಿನ ಮೇಲೆ ಪುಟ್ಟ ಮನೆ ಕೂರಿಸಿಕೊಂಡು, ನಾಯಿಯ ಜೊತೆ ತನ್ನ ದೇಶ ಸುತ್ತಿದ. ಸುಮಾರು 16,000 ಕಿ.ಮೀ., ಮೂರು ತಿಂಗಳಿಗೂ ಕಡಿಮೆ. ಟ್ರಕ್ ಕ್ಯಾಂಪರ್ ಪ್ರಿಯರಿಗೆಲ್ಲ ಆತ ಕುಲಗುರು. ಐವತ್ತು ವರ್ಷ ಆದಮೇಲೆ ಒಬ್ಬ ಪತ್ರಕರ್ತ ಅದೇ ದಾರಿಯಲ್ಲಿ ಹೋಗಿ ಲೆಕ್ಕ ತೆಗೆದು, ಸಾಹೇಬರು ಬಹಳ ರಾತ್ರಿ ಹೋಟೆಲು ಮೋಟೆಲುಗಳಲ್ಲೇ ಮಲಗಿದ್ದರು ಅಂತ ಬರೆದ. ಗಾಡಿಯಲ್ಲಿ ತಿರುಗಿದವರ ಲೆಕ್ಕ ಎಲ್ಲ ಕಡೆಯೂ ಹೀಗೇ ಇರಬೇಕು.

ಗಾಡಿಯೊಂದೇ ಗೆಲ್ಲಿಸಿತು ಅನ್ನುವವರಿಗೆ ವಿಶಾಖಪಟ್ಟಣದವರು ಇನ್ನೊಂದು ಮಾತು ನೆನಪಿಸುತ್ತಾರೆ. 'ಈನಾಡು' ಪತ್ರಿಕೆ ಹುಟ್ಟಿದ್ದು ಇದೇ ಊರಿನಲ್ಲಿ, 1974ರ ಆಗಸ್ಟ್ 10ರಂದು. ರಾಮೋಜಿ ರಾಯರು ಆಮೇಲೆ ಹೈದರಾಬಾದಿನಲ್ಲಿ, ವಿಜಯವಾಡದಲ್ಲಿ ಆವೃತ್ತಿ ತೆರೆದರು. ಬೆಳಕು ಹರಿಯುವ ಮೊದಲೇ ಪೇಪರ್ ಮನೆಬಾಗಿಲಿಗೆ ತಲುಪಿಸುವುದು ಅವರ ಹಟ. ರಥ ನಿನ್ನೆ ಎಲ್ಲಿತ್ತು, ರಾಯರು ಏನು ಹೇಳಿದರು ಎಂಬುದು ಬೆಳಗಿನ ಕಾಫಿಯ ಹೊತ್ತಿಗೆ ರಾಜ್ಯದ ತುಂಬ ಹರಡುತ್ತಿತ್ತು. ಸ್ನಾನದ ಫೋಟೋ ಊರಿನ ಕೆರೆ ಏರಿಯಿಂದ ಮನೆಮನೆಗೆ ಹೋದದ್ದು ಹಾಗೆ. ರಥಕ್ಕೆ ಕಾಣದ ಐದನೇ ಗಾಲಿ ಅದು.

1983ರ ಜನವರಿ 5ರಂದು ಮತದಾನ. ಒಂಬತ್ತು ತಿಂಗಳ ಕೂಸಿಗೆ 294ರಲ್ಲಿ 200ಕ್ಕೂ ಹೆಚ್ಚು ಸ್ಥಾನ! 9ರಂದು ಹೈದರಾಬಾದಿನಲ್ಲಿ ರಾಮರಾಯರ ಪ್ರಮಾಣವಚನ, ಮಾರನೇ ದಿನ ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆಯವರದು. ನಮ್ಮಲ್ಲೂ ಕಾಂಗ್ರೆಸ್ಸೇತರ ಸರ್ಕಾರ ಅದೇ ಮೊದಲು. ನಾನಾಗ ಹೈಸ್ಕೂಲೂ ಸೇರದ ಹುಡುಗ, ರೇಡಿಯೋದ ಮುಂದೆ ಕೂತು ಹಿರಿಯರು ಎರಡೂ ಹೆಸರು ಒಟ್ಟಿಗೆ ಹೇಳುತ್ತಿದ್ದುದು ನೆನಪಿದೆ.

ಹೆಗಡೆಯವರ ನಂಟು ಮರುವರ್ಷವೇ ಕೆಲಸಕ್ಕೆ ಬಂತು. 1984ರಲ್ಲಿ ರಾಯರು ಅಮೆರಿಕಕ್ಕೆ ಹೋಗಿ ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದರು. ಬಂದವರನ್ನು ಆಗಸ್ಟ್ 16ರಂದು ರಾಜ್ಯಪಾಲ ರಾಮ್ ಲಾಲ್ ವಜಾ ಮಾಡಿ, ಅವರದೇ ಪಕ್ಷದ ನಾದೆಂಡ್ಲ ಭಾಸ್ಕರ ರಾಯರನ್ನು ಕೂರಿಸಿದರು. ತಮ್ಮ ಶಾಸಕರು ಕೈತಪ್ಪದಂತೆ ಕಾಯಲು ಕರ್ನಾಟಕಕ್ಕೆ ಕಳಿಸಿದರು. ನಂದಿ ಬೆಟ್ಟದಲ್ಲಿ ಅವರ ವಾಸ. ರೆಸಾರ್ಟ್ ರಾಜಕೀಯ ಎಂಬ ಮಾತು ನಮ್ಮ ಪೇಪರುಗಳಿಗೆ ಬರುವ ಎಷ್ಟೋ ಮೊದಲು! ಇತ್ತ ಹೊಲಿಗೆ ಮಾಗದ ಎದೆ ಹೊತ್ತು ರಾಯರು ಮತ್ತೆ ಜನರ ನಡುವೆ ಹೋದರು, ರಥ ಮತ್ತೆ ಹೊರಬಂತು. ಸೆಪ್ಟೆಂಬರ್ 16ಕ್ಕೆ, ಸರಿಯಾಗಿ ಒಂದು ತಿಂಗಳಿಗೆ, ಕುರ್ಚಿ ವಾಪಸ್ಸು. ಕನ್ನಡ ಮಾತಾಡುವವರು ಬೇಕಾದಷ್ಟಿರುವ ಗಡಿ ಊರು ಹಿಂದೂಪುರದಿಂದ 1985ರಲ್ಲಿ ಗೆದ್ದು, ಮುಂದೆ ಅದನ್ನೇ ತಮ್ಮ ಕ್ಷೇತ್ರ ಮಾಡಿಕೊಂಡರು.

ರಥಯಾತ್ರೆ ಎಂಬ ಪದ ದೇಶಕ್ಕೆಲ್ಲ ಪರಿಚಯವಾದದ್ದು 1990ರಲ್ಲಿ, ಆಡ್ವಾಣಿಯವರು ಸೋಮನಾಥದಿಂದ ಟೊಯೋಟಾ ಗಾಡಿಯಲ್ಲಿ ಹೊರಟಾಗ. ಆಂಧ್ರದವರು "ಮಾದೇ ಮುಂದು" ಅಂತ ನಗುತ್ತಾರೆ.

ರಾಜ್ಯದ ಮೂಲೆಮೂಲೆ ಸುತ್ತಿದ ಗಾಡಿಗೆ ದಾಟಲಾಗದ ದೂರವೊಂದು ಹೈದರಾಬಾದಿನಲ್ಲೇ ಇತ್ತು. 1995ರ ಆಗಸ್ಟ್. ಮೆಜಾರಿಟಿ ಶಾಸಕರು ಅಳಿಯ ಚಂದ್ರಬಾಬು ನಾಯ್ಡು ಅವರ ಜೊತೆ ಸೇರಿ ಟ್ಯಾಂಕ್‌ಬಂಡ್ ಪಕ್ಕದ ವೈಸ್ರಾಯ್ ಹೋಟೆಲಿನಲ್ಲಿ ಬೀಡುಬಿಟ್ಟಿದ್ದರು. ರಾಯರು ಪತ್ನಿ ಲಕ್ಷ್ಮೀಪಾರ್ವತಿಯವರ ಜೊತೆ ಅದೇ ಚೈತನ್ಯ ರಥದಲ್ಲಿ ಹೋಟೆಲಿನ ಮುಂದೆ ಬಂದು ನಿಂತು, ಹೊರಗೆ ಬನ್ನಿ ಅಂತ ಮೈಕಿನಲ್ಲಿ ಕರೆದರು. ಯಾರೂ ಬರಲಿಲ್ಲ, ಚಪ್ಪಲಿ ಬಂದವು. ಯಾರದು ಸರಿ ಯಾರದು ತಪ್ಪು ಎಂದು ಇಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಎರಡೂ ಕಡೆಯವರು ನನ್ನ ಗ್ರಾಹಕರೇ, ನಾನು ಆ ತಂಟೆಗೆ ಹೋಗುವುದಿಲ್ಲ. ಊರಿಂದೂರಿಗೆ ತಾನೇ ಹೋಗಿ ಜನರನ್ನು ಕಾಣಲು ಕಟ್ಟಿಸಿದ ಗಾಡಿ ಅದು. ಬಾಗಿಲು ಹಾಕಿಕೊಂಡು ಒಳಗೆ ಕೂತವರನ್ನು ಹೊರಗೆ ಕರೆಯಲು ಅದರಿಂದ ಆಗಲಿಲ್ಲ. ಸೆಪ್ಟೆಂಬರ್ 1ರಂದು ನಾಯ್ಡು ಮುಖ್ಯಮಂತ್ರಿಯಾದರು. 1996ರ ಜನವರಿ 18ರಂದು ರಾಯರು ತೀರಿಕೊಂಡರು.

ಆಮೇಲಿನ ಆಂಧ್ರ ನಾಯಕರು ಗಾಡಿ ಬಿಟ್ಟು ಕಾಲನ್ನೇ ನೆಚ್ಚಿದರು. 2003ರಲ್ಲಿ ರಾಜಶೇಖರ ರೆಡ್ಡಿ ಚೇವೆಳ್ಳದಿಂದ ಇಚ್ಛಾಪುರದವರೆಗೆ ನಡೆದರು. ನಾಯ್ಡು ಅವರ ನಡಿಗೆ 2013ರ ಏಪ್ರಿಲಿನಲ್ಲಿ ಮುಗಿದದ್ದು ನಮ್ಮ ವಿಶಾಖಪಟ್ಟಣದಲ್ಲೇ. 2017ರಲ್ಲಿ ಹೊರಟ ಜಗನ್ 2019ರ ಜನವರಿಯಲ್ಲಿ ಇಚ್ಛಾಪುರ ತಲುಪಿದರು. 2023ರಲ್ಲಿ ಪವನ್ ಕಲ್ಯಾಣ್ ಅವರು 'ವಾರಾಹಿ' ಎಂಬ ದೊಡ್ಡ ಗಾಡಿ ತಂದಾಗ ನಮ್ಮ ಬ್ರಾಂಚಿನ ಹಿರಿಯರೆಲ್ಲ ಅದನ್ನು ಹಳೇ ಷೆವ್ರೊಲೆಗೆ ಹೋಲಿಸಿ ಒಂದು ವಾರ ಮಾತಾಡಿದರು.

ರಥದ ಡ್ರೈವರ್ ಹರಿಕೃಷ್ಣ 1995ರಲ್ಲಿ ಭಾವನ ಕಡೆ ಇದ್ದರು, ಆ ಸರ್ಕಾರದಲ್ಲಿ ಸಾರಿಗೆ ಮಂತ್ರಿಯೂ ಆದರು. 2018ರ ಆಗಸ್ಟ್ 29ರ ಬೆಳಗ್ಗೆ ನೆಲ್ಲೂರು ಕಡೆ ಒಂದು ಮದುವೆಗೆ ಹೊರಟವರು ನಲ್ಗೊಂಡ ಜಿಲ್ಲೆಯಲ್ಲಿ ಗಾಡಿ ಉರುಳಿ ತೀರಿಹೋದರು. ಅವತ್ತೂ ಸ್ಟಿಯರಿಂಗ್ ಅವರ ಕೈಯಲ್ಲೇ ಇತ್ತು.